ಒಂಬತ್ತನೆಯ ವಾಕ್ಯದ ಬಿಡುವು

ಜನವರಿ 9

ಅಂಚೆ ಇಂಗ್ಲಿಷ್ ಶಾಲೆಯ ಧ್ವನಿಮುದ್ರಣ ವಿಭಾಗದವರಿಗೆ,

ನಾನು ನಿಮ್ಮ ವಿದ್ಯಾರ್ಥಿನಿ, ಕ್ರಮಸಂಖ್ಯೆ 212. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು ನನ್ನ ಕೆಲಸ. ಹೊಸ ಯಂತ್ರದ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದೆ, ಕಂಪನಿಗೆ ಬರೆಯುವ ಪತ್ರವೂ ಇಂಗ್ಲಿಷಿನಲ್ಲೇ ಇರಬೇಕಂತೆ. "ಕಲಿತುಬಿಡು, ಕೋಣೆ ಪೂರ್ತಿ ನಿನ್ನ ಸುಪರ್ದಿಗೆ" ಎಂದು ಅಂಗಡಿ ಯಜಮಾನರು ಆಸೆ ಹುಟ್ಟಿಸಿದರು. ಸೇರಿದೆ. ಹದಿನೆಂಟು ಪಾಠ ಸುಸೂತ್ರವಾಗಿ ಮುಗಿದವು. ಅಷ್ಟೂ ಕ್ಯಾಸೆಟ್ಟುಗಳಲ್ಲಿ ಯಾರೋ ಗಂಡಸು ಮೂಗಿನಲ್ಲಿ ಮಾತಾಡುತ್ತಾರೆ. ಅವರಿಗೆ ಸದಾ ನೆಗಡಿ ಇರಬೇಕು.

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಹತ್ತೊಂಬತ್ತನೆಯದನ್ನು ಹಾಕಿದೆ. ಮೊದಲ ವಾಕ್ಯಕ್ಕೇ ಕೈಯಲ್ಲಿದ್ದ ಗಾಜು ಜಾರಿ ಬಿತ್ತು. ಒಡೆಯಲಿಲ್ಲ, ಪುಣ್ಯ. ಆ ಕ್ಯಾಸೆಟ್ಟಿನಲ್ಲಿ ಮಾತಾಡುತ್ತಿರುವುದು ನನ್ನ ಅಮ್ಮ.

ಭ್ರಮೆ ಎಂದುಕೊಳ್ಳಬೇಡಿ. ಅಮ್ಮ ಮೂವತ್ತೊಂದು ವರ್ಷ ಟೆಲಿಫೋನಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ, ಊರಿಂದೂರಿಗೆ ಕರೆ ಜೋಡಿಸುವ ಆಪರೇಟರ್ ಆಗಿದ್ದವಳು. ಅವಳ ಬಾಯಲ್ಲಿ 'ಹೋಲ್ಡ್ ದ ಲೈನ್ ಪ್ಲೀಸ್' ಎಂಬುದನ್ನು ಲಾಲಿಗಿಂತ ಹೆಚ್ಚು ಸಲ ಕೇಳಿ ಬೆಳೆದವಳು ನಾನು. ಕಳೆದ ಜೂನಿನಲ್ಲಿ ಅವಳು ತೀರಿಕೊಂಡಳು. ಸುದ್ದಿ ನನಗೆ ಮೂರು ದಿನ ತಡವಾಗಿ, ಮನೆ ಮಾಲೀಕರ ಕಾರ್ಡಿನಲ್ಲಿ ಬಂತು. ಏಳು ತಿಂಗಳಾದ ಮೇಲೆ ಈಗ ಅವಳು ನನ್ನ ಮೇಜಿನ ಮೇಲೆ ಕೂತು 'ಲಿಸನ್ ಅಂಡ್ ರಿಪೀಟ್' ಅನ್ನುತ್ತಿದ್ದಾಳೆ.

ನನಗೆ ಎರಡು ವಿಷಯ ಗೊತ್ತಾಗಬೇಕು. ಅವಳು ನಿಮ್ಮಲ್ಲಿಗೆ ಯಾವಾಗ, ಹೇಗೆ ಬಂದಳು? ಎರಡನೆಯದು, ಪುಸ್ತಕದ ಹತ್ತೊಂಬತ್ತನೆಯ ಪಾಠದಲ್ಲಿ ಎಂಟೇ ವಾಕ್ಯಗಳಿವೆ. ನಾಲ್ಕು ಸಲ ಎಣಿಸಿದೆ. ಕ್ಯಾಸೆಟ್ಟಿನಲ್ಲಿ ಒಂಬತ್ತು. ಒಂಬತ್ತನೆಯದು ಹೀಗಿದೆ:

ಇಫ್ ಐ ಹ್ಯಾಡ್ ಓಪನ್ಡ್ ದ ಡೋರ್ ದಟ್ ಡೇ, ಯು ವುಡ್ ಬಿ ಹಿಯರ್ ನೌ.

ಅವತ್ತು ನಾನು ಬಾಗಿಲು ತೆಗೆದಿದ್ದರೆ ಇವತ್ತು ನೀನು ಇಲ್ಲಿರುತ್ತಿದ್ದೆ. ಇದನ್ನು ಬರೆದವರು ಯಾರು?

ದಯವಿಟ್ಟು ಬೇಗ ಉತ್ತರಿಸಿ.

ಇತಿ,
ಕ್ರಮಸಂಖ್ಯೆ 212

*

ಜನವರಿ 17

ತಂಗೀ,

ಮೂಗಿನಲ್ಲಿ ಮಾತಾಡುವವನು ನಾನೇ. ನೆಗಡಿಯಲ್ಲ, ಹುಟ್ಟುಗುಣ. ಇಲ್ಲಿ ಎಲ್ಲರೂ ನನ್ನನ್ನು ಟೇಪಪ್ಪ ಅನ್ನುತ್ತಾರೆ. ಹದಿನೇಳು ವರ್ಷದಿಂದ ಈ ಶಾಲೆಯ ಟೇಪು ಸುತ್ತುವುದು, ಕತ್ತರಿಸುವುದು, ಅಂಟಿಸುವುದು ನನ್ನ ಪಾಡು.

ನಿಮ್ಮ ತಾಯಿ ಹೋದದ್ದು ನಿಮ್ಮ ಕಾಗದದಿಂದಲೇ ತಿಳಿಯಿತು. ನಮಗೆ ಅವರ ಹೆಸರಿಗಿಂತ 'ಟ್ರಂಕಮ್ಮ' ಎಂಬುದೇ ಬಾಯಿಗೆ ಬರುತ್ತಿತ್ತು. ಹೋದ ವರ್ಷ ಫೆಬ್ರವರಿಯಲ್ಲಿ ಹೆಂಗಸಿನ ಧ್ವನಿ ಬೇಕೆಂದು ನೋಟಿಸು ಹಾಕಿದ್ದೆವು. ಹನ್ನೊಂದು ಜನ ಬಂದರು. ಇವರು ಕೊನೆಯವರು. ಕುರ್ಚಿಯಲ್ಲಿ ಕೂತು, ಮೈಕನ್ನು ಮೇಲಿಂದ ಕೆಳಗೆ ನೋಡಿ, "ಇದರಾಚೆ ಯಾರೂ ಇಲ್ವಾ?" ಎಂದರು. "ಇಲ್ಲಮ್ಮ, ಟೇಪು ಮಾತ್ರ" ಎಂದೆ. "ಹಾಗಾದ್ರೆ ಯಾರಿಗೆ ಮಾತಾಡೋದು?" ಎಂದು ಗದರಿದರು. ಆದರೆ ಬಾಯಿ ತೆರೆದಾಗ ಮಾತ್ರ ಮುತ್ತು ಪೋಣಿಸಿದ ಹಾಗೆ ಉಚ್ಚಾರ. ಉಳಿದ ಹತ್ತು ಜನರನ್ನೂ ಮರೆತುಬಿಟ್ಟೆ.

ಒಂದೇ ತಾಪತ್ರಯ. ಅವರ ಕನ್ನಡಕ ಪೂರಾ ಗೀರುಬಿದ್ದು ಮಸುಕಾಗಿತ್ತು. ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದರು, ಹಾಳೆ ಮೈಕಿಗೆ ಬಡಿದು ಟಪ್ ಅನ್ನುತ್ತಿತ್ತು. ಒಂದು ಪಾಠಕ್ಕೆ ಮೂರು ದಿನ ಹಿಡಿಯಿತು. "ಹೊಸ ಕನ್ನಡಕ ಮಾಡಿಸ್ಕೊಳ್ಳಿ ಅಮ್ಮ" ಎಂದರೆ "ಆಗುತ್ತೆ, ಆಗುತ್ತೆ" ಅನ್ನುವರು, ಮಾತು ತೇಲಿಸುವರು.

ಒಂಬತ್ತನೆಯ ವಾಕ್ಯ ಪುಸ್ತಕದಲ್ಲಿಲ್ಲ, ನಿಜ. ಕ್ಯಾಸೆಟ್ಟಿನ ಆ ಮಗ್ಗುಲಿನಲ್ಲಿ ನಲವತ್ತು ಸೆಕೆಂಡು ಟೇಪು ಉಳಿದಿತ್ತು. ಖಾಲಿ ಬಿಟ್ಟರೆ ಕ್ಯಾಸೆಟ್ಟು ಕೆಟ್ಟಿದೆ ಎಂದು ವಿದ್ಯಾರ್ಥಿಗಳು ವಾಪಸು ಕಳಿಸುತ್ತಾರೆ. ಅದಕ್ಕೇ ಒಂದು ಸೇರಿಸಿದ್ದು.

ಅಭ್ಯಾಸ ಬಿಡಬೇಡಿ. ಪುಸ್ತಕದಲ್ಲಿ ಹೇಳಿದ ಹಾಗೆ ಪ್ರತಿ ವಾಕ್ಯದ ನಂತರದ ಬಿಡುವಿನಲ್ಲಿ ನೀವೂ ಗಟ್ಟಿಯಾಗಿ ಹೇಳಬೇಕು.

ನಿಮ್ಮವನು,
ಟೇಪಪ್ಪ

*

ಜನವರಿ 24

ಟೇಪಪ್ಪನವರಿಗೆ ನಮಸ್ಕಾರ.

'ಸೇರಿಸಿದ್ದು' ಎಂದು ಬರೆದಿರಿ. ಯಾರು ಸೇರಿಸಿದ್ದು ಎಂದು ಬರೆಯಲಿಲ್ಲ. ಬರೆಯುವ ಅಗತ್ಯವೂ ಇಲ್ಲ, ನನಗೆ ಗೊತ್ತಾಗಿದೆ.

ನಿಮಗೆ ಹೇಳಿಯೇ ಬಿಡುತ್ತೇನೆ. ಇದುವರೆಗೆ ಯಾರಿಗೂ ಹೇಳಿಲ್ಲ. ಅಮ್ಮ ನಿವೃತ್ತಳಾಗುವ ಮುಂಚೆ ಓಡಾಡಿ, ಕೈಕಾಲು ಹಿಡಿದು ನನಗೂ ಎಕ್ಸ್‌ಚೇಂಜಿನಲ್ಲಿ ಕೆಲಸ ಕೊಡಿಸಿದಳು. ಅವಳ ಕುರ್ಚಿಯೇ ನನಗೆ ಸಿಕ್ಕಿತು. ಎಂಟು ತಿಂಗಳು ಕೂತೆ. ದಿನವಿಡೀ ಇವರ ಕಿವಿಗೆ ಅವರ ಬಾಯಿ ಜೋಡಿಸುವುದು ನನ್ನಿಂದಾಗಲಿಲ್ಲ. ರಾಜೀನಾಮೆ ಕೊಟ್ಟು ಈ ಊರಿಗೆ ಬಂದು ಗಾಜು ಉಜ್ಜಲು ಕೂತೆ. ಹೊರಡುವ ದಿನ ಅಮ್ಮ ಹೇಳಿದ್ದು ಒಂದೇ ಮಾತು. "ಹೋಗು. ಇನ್ನು ಈ ಬಾಗಿಲು ಬಡೀಬೇಡ."

ಒಂದು ವರ್ಷ ಬಿಟ್ಟು ಬಡಿದೆ. ನನ್ನ ಕೈಯಾರೆ ಉಜ್ಜಿದ ಗಾಜು ಕೂರಿಸಿ ಅವಳಿಗೊಂದು ಕನ್ನಡಕ ಮಾಡಿದ್ದೆ. ಹಳೆಯ ಚೀಟಿಯಲ್ಲಿದ್ದ ನಂಬರಿಗೆ ಕಾಲು ಸೇರಿಸಿ, ವಯಸ್ಸಿಗೆ ತಕ್ಕಂತೆ. ನಮ್ಮದು ನಾಲ್ಕನೆಯ ಮಹಡಿ. ಅದೇ ಕೊನೆ, ಮೇಲೆ ತಾರಸಿ. ಆ ಮಹಡಿಯಲ್ಲಿ ಎರಡೇ ಮನೆ. ಎದುರಿನವರು ಬಿಟ್ಟುಹೋಗಿ ಬೀಗ ನೇತಾಡುತ್ತಿತ್ತು. ನಮ್ಮ ಮನೆಯೊಳಗೆ ರೇಡಿಯೋ ಕೇಳಿಸುತ್ತಿತ್ತು. ಬಡಿದೆ. ರೇಡಿಯೋ ನಿಂತಿತು.

ಟೇಪಪ್ಪನವರೇ, ಆ ರೇಡಿಯೋ ನಿಂತ ಸದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಅವಳು ಒಳಗಿದ್ದಾಳೆ, ಕೇಳಿಸಿಕೊಂಡಿದ್ದಾಳೆ, ಇಲ್ಲದವಳ ಹಾಗೆ ಸುಮ್ಮನಾಗಿದ್ದಾಳೆ. ಮತ್ತೆ ಎರಡು ಸಲ ಬಡಿದೆ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದೆ. ಬಾಗಿಲು ತೆರೆಯಲಿಲ್ಲ. ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಇಳಿದುಬಿಟ್ಟೆ. ಇಳಿಯುವಾಗ ಯಾರದೋ ಮನೆಯ ಬಾಗಿಲ ಸದ್ದಾಯಿತು, ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಿದ್ದ, ಎಲ್ಲರ ದಿನ ಎಂದಿನಂತೆ ನಡೆದಿತ್ತು. ನನಗೆ ಮಾತ್ರ ಮುಖ ತೋರಿಸಲು ಜಾಗವಿಲ್ಲ ಅನ್ನಿಸಿತು. ಆಮೇಲೆ ಅವಳೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಇಬ್ಬರದೂ ಒಂದೇ ರಕ್ತ, ಒಂದೇ ಹಟ.

ಈಗ ಹೇಳಿ, ಆ ಒಂಬತ್ತನೆಯ ವಾಕ್ಯ ಇನ್ನಾರದು? ಬಾಗಿಲು ತೆಗೆಯಲಿಲ್ಲ ಎಂದು ಅವಳು ಒಪ್ಪಿಕೊಂಡಿದ್ದಾಳೆ. ನನ್ನೆದುರು ಬಾರದ ಮಾತು ಮೈಕಿನೆದುರು ಬಂದಿದೆ. ಅದು ಇಂಗ್ಲಿಷಿನಲ್ಲಿ ಬಂದರೇನಂತೆ, ಬಂತಲ್ಲ!

ಇನ್ನೊಂದು ಮಾತು. ಆ ವಾಕ್ಯದ ನಂತರದ ಬಿಡುವಿನಲ್ಲಿ ಒಂದು ಸದ್ದಿದೆ. ಕಿವಿಗೊಟ್ಟರೆ ಮಾತ್ರ ಕೇಳಿಸುತ್ತದೆ. ಯಾರೋ ಮಾತಾಡಲೆಂದು ಉಸಿರೆಳೆದುಕೊಂಡ ಹಾಗೆ. ಥಟ್ಟನೆ ನಿಂತುಹೋಗುತ್ತದೆ. ಬೇರೆ ಎಂಟು ಬಿಡುವುಗಳಲ್ಲಿ ಇಲ್ಲ. ಅದೇನು? ಎಂಟೂ ವಾಕ್ಯ ಹೇಳುತ್ತೇನೆ, ಒಂಬತ್ತನೆಯದು ಹೇಳಲಾಗುತ್ತಿಲ್ಲ.

ಅಭ್ಯಾಸದ ಹಾಳೆ ಲಗತ್ತಿಸಿದ್ದೇನೆ.

ಇತಿ,
ಗಾಜು ಉಜ್ಜುವವಳು

*

ಫೆಬ್ರವರಿ 2

ತಂಗೀ,

ಹೌದು. ಆ ವಾಕ್ಯ ನಿಮ್ಮ ತಾಯಿಯದೇ. "ನಾನೇ ಒಂದು ಸೇರಿಸ್ತೀನಿ" ಎಂದು ಅವರೇ ಹೇಳಿದರು. ಉಸಿರಿನ ಸದ್ದು ಯಂತ್ರದ್ದಿರಬೇಕು, ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ಹಾಳೆಯನ್ನು ನಾನೇ ತಿದ್ದಿದ್ದೇನೆ. ಮೇಷ್ಟ್ರು ರಜೆಯಲ್ಲಿದ್ದಾರೆ. ಹದಿನೇಳು ವರ್ಷ ಕತ್ತರಿಸಿ ಅಂಟಿಸಿ ವ್ಯಾಕರಣ ನನ್ನ ಬೆರಳಿಗೂ ಹತ್ತಿಬಿಟ್ಟಿದೆ. ನೀವು ಮಾಡಿದ ತಪ್ಪು ಒಂದೇ. 'ಬೇಗ ಇಂಗ್ಲಿಷ್ ಕಲಿತಿದ್ದರೆ ಈಗ ಕೋಣೆಯ ಮುಖ್ಯಸ್ಥೆಯಾಗಿರುತ್ತಿದ್ದೆ' ಎನ್ನಲು ಹೋಗಿ ಎರಡೂ ಕಡೆ ಹಳೆಯ ಕಾಲ ಹಾಕಿದ್ದೀರಿ. ಎರಡೂ ಹಳೆಯದಾದರೆ ಅದು ಮುಗಿದ ಕಥೆ. ಈ ಪಾಠದ ವಿಷಯ ಅದಲ್ಲ. ಇಲ್ಲಿ ಆಗದೇ ಹೋದದ್ದು ಆಗ, ಅದರ ನೋವು ಈಗ. ಅದಕ್ಕೇ ಇಫ್ ಇರುವ ಕಡೆ 'ಹ್ಯಾಡ್ ಲರ್ನ್ಡ್', ಇನ್ನೊಂದು ಕಡೆ ಬರೀ 'ವುಡ್ ಬಿ'. ಕೊನೆಯಲ್ಲಿ 'ನೌ' ಬಂದರೆ ಗುರುತು ಸಿಕ್ಕಿತು ಅನ್ನಿ.

ಇದನ್ನೇ ಮಗುಚಿ ಹಾಕಿದರೆ ಎರಡನೆಯ ಬಗೆ. ನಮ್ಮ ಗುಣ ಯಾವತ್ತೂ ಹೀಗೇ, ಅದರಿಂದ ಆಗ ಹಾಗಾಯಿತು. 'ಇಫ್ ಐ ವರ್ ಟಾಲ್, ಐ ವುಡ್ ಹ್ಯಾವ್ ರೀಚ್ಡ್ ಇಟ್.' ನಾನು ಉದ್ದ ಇದ್ದಿದ್ದರೆ ಅವತ್ತು ಕೈಗೆ ಎಟುಕುತ್ತಿತ್ತು. ಅವತ್ತೂ ಗಿಡ್ಡ, ಇವತ್ತೂ ಗಿಡ್ಡ, ಗುಣ ಬದಲಾಗಿಲ್ಲ. ಎರಡನೆಯ ಬಗೆಯಲ್ಲಿ ನಾಲ್ಕು ವಾಕ್ಯ ಬರೆದು ಕಳಿಸಿ. ನಮ್ಮ ಭಾಷೆಯಲ್ಲಿ ಒಂದು '-ಇದ್ದರೆ' ಹಚ್ಚಿದರೆ ಎಲ್ಲಾ ಕಾಲಕ್ಕೂ ಆಗುತ್ತದೆ, ಅದಕ್ಕೇ ಜನ ಇಲ್ಲಿ ಎಡವುತ್ತಾರೆ.

ಬಿಡುವುಗಳ ಬಗ್ಗೆ ಕೇಳಿದಿರಲ್ಲ, ಒಂದು ಸಂಗತಿ ಹೇಳುತ್ತೇನೆ. ಆ ಬಿಡುವಿಗೆ ಬರೀ ಖಾಲಿ ಟೇಪು ಅಂಟಿಸಿದರೆ ಕಿವಿಗೆ ಗುಂಡಿಗೆ ಬಿದ್ದ ಹಾಗಾಗುತ್ತದೆ. ಅದಕ್ಕೇ ನಾವು ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿಕೊಂಡು ತುಂಡು ತುಂಡು ಮಾಡಿ ಕೂರಿಸುತ್ತೇವೆ. ಓದುವವರು ಎದ್ದುಹೋದರೆ ಕೋಣೆಯ ಸದ್ದು ಬದಲಾಗುತ್ತದೆ, ಹಾಗಾಗಿ ಅವರೂ ಅಲ್ಲೇ ಕೂತಿರಬೇಕು. ನಿಮ್ಮ ತಾಯಿ ಎರಡು ನಿಮಿಷ ಮಡಿಲಲ್ಲಿ ಕೈಯಿಟ್ಟುಕೊಂಡು ಪಿಟ್ಟೆನ್ನದೆ ಕೂತಿದ್ದರು. ನೀವು ಕೇಳುವ ಆ ಖಾಲಿಯಲ್ಲಿ ಅವರು ಇದ್ದಾರೆ.

ನಿಮ್ಮವನು,
ಟೇಪಪ್ಪ

*

ಫೆಬ್ರವರಿ 11

ಟೇಪಪ್ಪನವರೇ,

ನಿಮಗೆ ಹೇಗೆ ಋಣ ತೀರಿಸಲಿ? ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಈಗ ಬೆಳಗ್ಗೆ ಕೋಣೆಗೆ ಬಂದವಳೇ ಮೊದಲು ಕ್ಯಾಸೆಟ್ಟು ಹಾಕುತ್ತೇನೆ. ವಾಕ್ಯಗಳಿಗಲ್ಲ, ಬಿಡುವುಗಳಿಗೆ. ಅಮ್ಮ ಸುಮ್ಮನೆ ಕೂತಿರುತ್ತಾಳೆ, ನಾನು ಗಾಜು ಉಜ್ಜುತ್ತಿರುತ್ತೇನೆ. ಬದುಕಿದ್ದಾಗ ನಾವು ಇಷ್ಟು ಹೊತ್ತು ಜಗಳವಿಲ್ಲದೆ ಒಂದು ಕೋಣೆಯಲ್ಲಿ ಕೂತದ್ದೇ ಇಲ್ಲ. ಅಂಗಡಿ ಯಜಮಾನರು ಒಮ್ಮೆ ಬಗ್ಗಿ ನೋಡಿ, "ಏನಮ್ಮಾ, ಟೇಪಲ್ಲಿ ಏನೂ ಬರ್ತಿಲ್ವಲ್ಲ?" ಎಂದರು. "ಬರ್ತಿದೆ, ನಿಮಗೆ ಕೇಳಿಸ್ತಿಲ್ಲ" ಎಂದೆ. ಪಾಪ, ಹೆದರಿ ಹೋದರು.

ನಾನು ಅವಳನ್ನು ಕ್ಷಮಿಸಿದ್ದೇನೆ. ಬಾಗಿಲು ತೆಗೆಯದಿದ್ದದ್ದು ಅವಳ ತಪ್ಪು, ಅವಳೇ ಒಪ್ಪಿಕೊಂಡ ಮೇಲೆ ಇನ್ನೇನು. ಭಾನುವಾರ ಅವಳ ಹಳೆಯ ಬೀದಿಗೆ ಹೋಗಿ ಬಂದೆ. ಮನೆಯಲ್ಲಿ ಬೇರೆಯವರಿದ್ದಾರೆ. ಮೇಲೆ ಹತ್ತಲಿಲ್ಲ, ಕೆಳಗಿನಿಂದಲೇ ಕಿಟಕಿ ನೋಡಿ, "ಆಯ್ತು ಬಿಡಮ್ಮ" ಎಂದು ಗಟ್ಟಿಯಾಗಿಯೇ ಹೇಳಿದೆ.

ಎರಡನೆಯ ಬಗೆಯ ವಾಕ್ಯಗಳು ಜೊತೆಗಿವೆ. ನಾಲ್ಕನೆಯದನ್ನು ಸುಮ್ಮನೆ ಅಭ್ಯಾಸಕ್ಕೆಂದು ಬರೆದೆ: 'ಇಫ್ ಐ ವರ್ ಎ ಪೇಷಂಟ್ ವುಮನ್, ಐ ವುಡ್ ಹ್ಯಾವ್ ವೇಟೆಡ್ ಲಾಂಗರ್.' ತಾಳ್ಮೆಯವಳಾಗಿದ್ದರೆ ಇನ್ನೂ ಸ್ವಲ್ಪ ಹೊತ್ತು ಕಾಯುತ್ತಿದ್ದೆ. ಸರಿಯಿದೆಯೇ?

ನಿಮ್ಮ ತಂಗಿ,
ಗಾಜು ಉಜ್ಜುವವಳು

*

ಏಪ್ರಿಲ್ 20

ತಂಗೀ,

ನಿಮ್ಮ ಮೂರು ಕಾರ್ಡುಗಳೂ ತಲುಪಿವೆ. ಕಾಯಿಲೆ ಬಿದ್ದಿರಲಿಲ್ಲ, ಹುಷಾರಾಗಿದ್ದೇನೆ. ಬರೆಯಲು ಮುಖವಿರಲಿಲ್ಲ.

ನಿಮ್ಮ ನಾಲ್ಕನೆಯ ವಾಕ್ಯ ಸರಿಯಿದೆ. ನಾನು ಹೇಳಿದ್ದು ಸರಿಯಿಲ್ಲ. ಒಂಬತ್ತನೆಯ ವಾಕ್ಯ ನಿಮ್ಮ ತಾಯಿಯದಲ್ಲ, ನನ್ನದು.

ನನಗೊಬ್ಬ ತಮ್ಮನಿದ್ದ. ಇದ್ದಾನೋ ಇಲ್ಲವೋ ಗೊತ್ತಿಲ್ಲದಿರುವುದರಿಂದ ಹೇಗೆ ಬರೆಯಬೇಕೋ ತಿಳಿಯದು. ನಮ್ಮ ರೆಕಾರ್ಡಿಂಗ್ ಕೋಣೆಯ ಬಾಗಿಲ ಮೇಲೊಂದು ಕೆಂಪು ದೀಪವಿದೆ. ಅದು ಉರಿಯುತ್ತಿದ್ದರೆ ಪ್ರಳಯವಾದರೂ ಬಾಗಿಲು ತೆಗೆಯುವಂತಿಲ್ಲ. ಇದು ನಾನೇ ಮಾಡಿದ ಕಾನೂನು. ಹನ್ನೊಂದು ವರ್ಷದ ಕೆಳಗೆ, ಅಪ್ಪನ ಕಾಯಿಲೆಯಲ್ಲಿ ನೋಡಲು ಬರಲಿಲ್ಲವೆಂದು ನಾನು ಮಾತುಬಿಟ್ಟಿದ್ದ ತಮ್ಮ, ಒಂದು ಮಧ್ಯಾಹ್ನ ಆ ಬಾಗಿಲು ಬಡಿದ. "ಅಣ್ಣಾ, ಒಂದ್ನಿಮಿಷ" ಎಂದ. ದೀಪ ಉರಿಯುತ್ತಿತ್ತು. ಎಂಟನೆಯ ಪಾಠದ ಕೊನೆಯ ಸಾಲು, ಇನ್ನರ್ಧ ನಿಮಿಷ ಇತ್ತು. ಸಿಟ್ಟೂ ಇತ್ತು, ಸುಳ್ಳೇಕೆ ಹೇಳಲಿ. ಮುಗಿಸಿ ತೆಗೆದೆ. ಹೊರಗೆ ಯಾರೂ ಇರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅವನ ಸುಳಿವಿಲ್ಲ.

ನಿಮ್ಮ ತಾಯಿ ಎಂಟು ವಾಕ್ಯ ಓದಿ ಮುಗಿಸಿದಾಗ ಟೇಪು ಉಳಿಯಿತು. ಮೇಷ್ಟ್ರು ಇರಲಿಲ್ಲ. ಅದೇ ಧಾಟಿಯ ಇನ್ನೊಂದು ವಾಕ್ಯ ಬೇಕಿತ್ತು, ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಹಾಳೆಯ ಹಿಂದೆ ಗೀಚಿ ಕೊಟ್ಟೆ. ಅವರು ಓದಿದರು.

ನೀವು ಅಷ್ಟು ಆಸೆಯಿಂದ ಕೇಳಿದಾಗ ಹೌದೆಂದುಬಿಟ್ಟೆ. ಒಳ್ಳೆಯದಾಯಿತು ಎಂದೇ ನಂಬಿದ್ದೆ. ಆದರೆ ಕೆಳಗೆ ನಿಂತು ಕಿಟಕಿಗೆ "ಆಯ್ತು ಬಿಡಮ್ಮ" ಎಂದಿರಿ ನೋಡಿ, ಅದನ್ನು ಓದಿದ ಮೇಲೆ ಊಟ ಸೇರಲಿಲ್ಲ. ಅವರು ಒಪ್ಪಿಕೊಳ್ಳದ ತಪ್ಪಿಗೆ ನೀವು ಕ್ಷಮೆ ಕೊಡುವಂತೆ ಮಾಡಿದೆ. ಸತ್ತವರ ಬಾಯಿಗೆ ನನ್ನ ಮಾತು ತುರುಕಿದೆ.

ಬೈದು ಬರೆಯಿರಿ. ಬರೆಯದೇ ಇರಬೇಡಿ.

ಟೇಪಪ್ಪ

*

ಏಪ್ರಿಲ್ 26

ನಿಮ್ಮ ತಮ್ಮನಿಗಾಗಿ ಮರುಗುವಷ್ಟು ದೊಡ್ಡ ಮನಸ್ಸು ಈಗ ನನ್ನಲ್ಲಿಲ್ಲ. ನಿಮ್ಮ ಬಾಗಿಲಿಗೆ ಅಳಲು ನಮ್ಮಮ್ಮನ ಗಂಟಲೇ ಬೇಕಿತ್ತೇ? ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿಟ್ಟಿದ್ದೇನೆ. ಈಗ ಅದನ್ನು ಹಾಕಿದರೆ ಒಂಬತ್ತನೆಯ ವಾಕ್ಯಕ್ಕೆ ನಿಮ್ಮ ಮೂಗಿನ ಧ್ವನಿಯೇ ಕೇಳಿಸುತ್ತದೆ.

ಮತ್ತೆ ಅವಳು ಬಾಗಿಲ ಹಿಂದೆ ಹೋಗಿ ಕೂತಳು. ರೇಡಿಯೋ ಆರಿಸಿಕೊಂಡು.

ಒಂದೇ ಕೇಳುತ್ತೇನೆ. ಆ ಉಸಿರು ಯಂತ್ರದ್ದಲ್ಲ. ಅಮ್ಮ ಮಾತಿಗೆ ಮುಂಚೆ ಉಸಿರೆಳೆದುಕೊಳ್ಳುವುದು ನನಗೆ ಗೊತ್ತು. ಅದರ ನಂತರ ಏನಿತ್ತು? ನೀವು ಕತ್ತರಿಸಿದ್ದೇನು? ಇದಕ್ಕಾದರೂ ನಿಜ ಹೇಳಿ.

212

*

ಮೇ 15

ತಂಗೀ,

ಬೈದದ್ದು ಸಾಲದು, ಇರಲಿ. ನಿಜ ಹೇಳುತ್ತೇನೆ.

ನಿಮ್ಮ ತಾಯಿಗೆ ಮೊದಲ ದಿನ ಬಿಡುವಿನ ಪದ್ಧತಿ ಅರ್ಥವಾಗಿರಲಿಲ್ಲ. ವಾಕ್ಯ ಓದಿ ಹನ್ನೆರಡು ಸೆಕೆಂಡು ಸುಮ್ಮನಿರಬೇಕು, ಅದು ವಿದ್ಯಾರ್ಥಿಯ ಸರದಿ. ಮೂವತ್ತೊಂದು ವರ್ಷ ಟೆಲಿಫೋನಿನಲ್ಲಿ ಕೂತವರಿಗೆ ಅದು ಹೇಗೆ ತಿಳಿಯಬೇಕು? ಲೈನಿನಲ್ಲಿ ಯಾರೂ ಮಾತಾಡದಿದ್ದರೆ ಆಪರೇಟರೇ ಮಾತಾಡಬೇಕಲ್ಲವೇ? ಹಾಗಾಗಿ ಪ್ರತಿ ಬಿಡುವಿನಲ್ಲೂ ವಾಕ್ಯಕ್ಕೆ ತಾವೇ ಉತ್ತರ ಹೇಳಿಬಿಡುತ್ತಿದ್ದರು, ಅದೂ ನಮ್ಮ ಮನೆಮಾತಿನಲ್ಲಿ! 'ಆ ಬಸ್ಸು ಹಿಡಿದಿದ್ದರೆ ಈಗ ಅಲ್ಲಿರುತ್ತಿದ್ದೆ' ಎಂದು ಇಂಗ್ಲಿಷಿನಲ್ಲಿ ಓದುವುದು, ಹಿಂದೆಯೇ "ಮುಂದಿನ ಬಸ್ಸಿಗೆ ಹೋದ್ರಾಯ್ತಪ್ಪ" ಅನ್ನುವುದು. ನಾನು ಗಾಜಿನಾಚೆಯಿಂದ ಕೈಮುಗಿದು, "ಅಮ್ಮಾ, ಬಾಯಿ ಮುಚ್ಕೊಂಡಿರಿ" ಅನ್ನುವುದು. ಮೂರು ದಿನ ಹಿಡಿದದ್ದಕ್ಕೆ ಕನ್ನಡಕದ ಜೊತೆಗೆ ಇದೂ ಕಾರಣ. ಎರಡನೆಯ ದಿನದಿಂದ ತಿದ್ದಿಕೊಂಡರು. ಒಂಬತ್ತನೆಯ ವಾಕ್ಯದಲ್ಲಿ ಮತ್ತೆ ಮರೆತರು. ಏನೋ ಹೇಳಿದರು. ನಾನು ಆ ಹೊತ್ತಿಗೆ ತಮ್ಮನ ಬಾಗಿಲ ಹತ್ತಿರ ನಿಂತಿದ್ದೆ. ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಸಂಜೆ ಬ್ಲೇಡು ತೆಗೆದುಕೊಂಡು ಕತ್ತರಿಸಿದೆ. ಆತುರದಲ್ಲಿ ಕೂದಲೆಳೆಯಷ್ಟು ತಡವಾಗಿ ಕತ್ತರಿಸಿದ್ದೇನೆ, ಆ ಉಸಿರು ಉಳಿದದ್ದು ಹಾಗೆ.

ಕತ್ತರಿಸಿದ್ದನ್ನು ನಾನು ಎಸೆಯುವವನಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ತುಂಬಿಡುತ್ತೇನೆ. ಎರಡು ವಾರ ಪ್ರತಿ ಮಧ್ಯಾಹ್ನ ಅದರ ಗೋಜಲು ಬಿಡಿಸಿ, ಒಂದೊಂದು ಮಾರು ಟೇಪನ್ನೂ ಯಂತ್ರಕ್ಕೆ ಕೊಟ್ಟು ಕೇಳಿದೆ. ಹದಿನೇಳು ವರ್ಷದ ಕೆಮ್ಮು, ಸೀನು, ಕುರ್ಚಿಯ ಕಿರುಗುಟ್ಟುವ ಸದ್ದು. ಮೊನ್ನೆ ಗುರುವಾರ ಅವರು ಸಿಕ್ಕರು.

ಸಿಕ್ಕ ಮೇಲೆ ಮೂರು ದಿನ ಯೋಚಿಸಿದೆ. ಕಳಿಸಿದರೆ ನಿಮಗೆ ಏನೋ ಸಿಗುತ್ತದೆ, ಇನ್ನೇನೋ ಹೋಗುತ್ತದೆ. ಆದರೆ ಒಂದು ಸಲ ನಿಮ್ಮ ಪರವಾಗಿ ನಾನು ತೀರ್ಮಾನ ಮಾಡಿ ಆಯಿತಲ್ಲ. ಕ್ಯಾಸೆಟ್ಟಿಗೆ ಇಳಿಸಿ ಕಳಿಸಿದ್ದೇನೆ. ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಇನ್ನು ಅವರ ಮಾತಿಗೂ ನಿಮಗೂ ನಡುವೆ ನಾನು ಕೂರುವುದಿಲ್ಲ.

ನಿನ್ನೆ ಕೆಂಪು ದೀಪ ಉರಿಯುತ್ತಿದ್ದಾಗ ಯಾರೋ ಬಾಗಿಲು ಬಡಿದರು. ರೆಕಾರ್ಡಿಂಗ್ ನಿಲ್ಲಿಸಿ ಓಡಿಹೋಗಿ ತೆಗೆದೆ. ಟೀ ಲೋಟ ವಾಪಸು ಕೇಳಲು ಬಂದಿದ್ದ ಕ್ಯಾಂಟೀನಿನಾಕೆ. "ಏನಣ್ಣ, ಅಳ್ತಿದೀರಾ?" ಎಂದರು.

ಟೇಪಪ್ಪ

*

ಜೂನ್ 9

ಟೇಪಪ್ಪಣ್ಣನಿಗೆ,

ನಾಳೆಗೆ ಅಮ್ಮ ಹೋಗಿ ವರ್ಷ. ಅದಕ್ಕೆ ಮುಂಚೆ ಬರೆದುಬಿಡಬೇಕು.

ಕ್ಯಾಸೆಟ್ಟು ಬಂದ ದಿನ ಬಿಚ್ಚಲಿಲ್ಲ. ಮರುದಿನ ಊಟದ ಹೊತ್ತಿಗೆ ಯಂತ್ರಗಳೆಲ್ಲ ನಿಂತ ಮೇಲೆ ಹಾಕಿದೆ. ಮೊದಲು ಆ ಉಸಿರಿನ ಉಳಿದರ್ಧ ಬಂತು. ಆಮೇಲೆ ಅವಳ ಮಾತು, ಆಪರೇಟರಿನದಲ್ಲ, ಅಡುಗೆಮನೆಯದು. ನೀವು ಕೇಳಿದ್ದೀರಿ, ಆದರೂ ಬರೆಯುತ್ತೇನೆ. ನನ್ನ ಕೈಯಿಂದ ಒಮ್ಮೆ ಬರೆಯಬೇಕು.

"ತೆಗೆದೆ ಕಣಪ್ಪ. ಕನ್ನಡಕ ಸಿಗಲಿಲ್ಲ, ಬೀಗದ ಕೈ ಸಿಗಲಿಲ್ಲ, ತಡವಾಯ್ತು, ಆದ್ರೆ ತೆಗೆದೆ. ಕೆಳಗೆ ಮೆಟ್ಟಿಲ ಕಂಬಿ ಮೇಲೆ ಅವಳ ಕೈ ಕಾಣ್ತಿತ್ತು. ಕೂಗೋಣ ಅಂದ್ರೆ ಧ್ವನೀನೇ ಬರ್ಲಿಲ್ಲ ನೋಡು."

ಇಷ್ಟೇ. ಆಮೇಲೆ ನಿಮ್ಮ ಬ್ಲೇಡು.

ಊರಿಗೆಲ್ಲ ಕರೆ ಜೋಡಿಸಿದವಳಿಗೆ ನಾಲ್ಕು ಮಹಡಿಯ ಮೆಟ್ಟಿಲಿಗೆ ಧ್ವನಿ ಸಾಲಲಿಲ್ಲ. ರೇಡಿಯೋ ಆರಿಸಿದ್ದು ತಾನಿಲ್ಲವೆನ್ನಲು ಅಲ್ಲ, ಬಡಿಯುತ್ತಿರುವವರು ಯಾರೆಂದು ಕೇಳಿಸಿಕೊಳ್ಳಲು. ಅವಳು ಹುಡುಕುತ್ತಿದ್ದದ್ದು ಕನ್ನಡಕ. ನನ್ನ ಚೀಲದಲ್ಲಿ ಇದ್ದದ್ದು ಕನ್ನಡಕ. ಅದು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಅಣ್ಣಾ, ನೀವು ಒಂದು ಸುಳ್ಳು ಹೇಳಿದಿರಿ, ಎರಡು ತಿಂಗಳಲ್ಲಿ ಒಪ್ಪಿಕೊಂಡಿರಿ. ನಾನು ಹೇಳಿದ್ದು ಇನ್ನೂ ಇದೆ. ಜನವರಿಯ ನನ್ನ ಕಾಗದ ನಿಮ್ಮ ಹತ್ತಿರ ಇದ್ದರೆ ತೆಗೆದು ನೋಡಿ. ಇಳಿಯುವಾಗ ಯಾರದೋ ಮನೆಯ ಬಾಗಿಲ ಸದ್ದಾಯಿತು ಎಂದು ಬರೆದಿದ್ದೇನೆ. ಆ ಸದ್ದು ಮೇಲಿನಿಂದ ಬಂತು. ನಾಲ್ಕನೆಯ ಮಹಡಿಯಿಂದ. ಅಲ್ಲಿರುವುದು ಎರಡೇ ಮನೆ, ಒಂದಕ್ಕೆ ಬೀಗ. ನಮ್ಮ ಬಾಗಿಲಿನ ಕೆಳಗಿನ ತಿರುಗಣಿ ಕೀಲು ಎರಡು ಸಲ ಕುಯ್ಯಿ ಅನ್ನುತ್ತದೆ, ಹುಟ್ಟಿದಾಗಿನಿಂದ ಕೇಳಿದ್ದೇನೆ. ಎರಡು ಸಲ ಅಂದಿತು. ಎರಡನೆಯ ಮಹಡಿಯಲ್ಲಿ ನನ್ನ ಕಾಲು ನಿಂತಿತು. ತಲೆಯೆತ್ತಿದ್ದರೆ ಸಾಕಿತ್ತು. ಅವಳು ನನ್ನನ್ನು ಅಷ್ಟು ಹೊತ್ತು ಹೊರಗೆ ನಿಲ್ಲಿಸಿದ್ದಾಳೆ, ಈಗ ಅವಳೇ ಕೂಗಲಿ, ಕೂಗಿದರೆ ಹತ್ತುತ್ತೇನೆ ಅಂದುಕೊಂಡೆ. ಕಂಬಿ ಹಿಡಿದು ನಿಂತು ಮತ್ತೆ ಎಣಿಸಿದೆ. ಕೂಗಲಿಲ್ಲ. ಇಳಿದೆ.

ಆಮೇಲೆ ಅದು ಯಾರದೋ ಬಾಗಿಲಾಯಿತು. ಎರಡು ವರ್ಷ ದಿನಾ ಹಾಗೇ ಹೇಳಿಕೊಂಡು ನಾನೇ ನಂಬಿದೆ. ನಿಮ್ಮ ಒಂಬತ್ತನೆಯ ವಾಕ್ಯ ಸಿಕ್ಕಾಗ ಅಷ್ಟು ಬಿಗಿಯಾಗಿ ಹಿಡಿದುಕೊಂಡದ್ದು ಅದಕ್ಕೇ. ತಪ್ಪು ಅವಳದೆಂದು ಅವಳ ಬಾಯಿಂದಲೇ ಬಂತಲ್ಲ ಎಂದು.

ಆ ತುಂಡನ್ನು ಮತ್ತೆ ಪಾಠಕ್ಕೆ ಅಂಟಿಸಬೇಡಿ. ಆ ಬಿಡುವು ಹಾಗೇ ಇರಲಿ. ಬೇರೆ ವಿದ್ಯಾರ್ಥಿಗಳಿಗೂ ಅವರವರ ಬಾಗಿಲುಗಳಿರುತ್ತವೆ.

ಇದು ಹತ್ತೊಂಬತ್ತನೆಯ ಪಾಠದ ನನ್ನ ಕೊನೆಯ ಹಾಳೆ. ಫೆಬ್ರವರಿಯಲ್ಲಿ ಬರೆದ ನಾಲ್ಕನೆಯ ವಾಕ್ಯವನ್ನು ಹೊಡೆದುಹಾಕಿ. ತಾಳ್ಮೆಯ ಮಾತಲ್ಲ ಅದು. ಮೇಷ್ಟ್ರು ಇಫ್ ಇಟ್ಟು ಬರೆಯಲು ಹೇಳಿದ್ದಾರೆ, ಎಷ್ಟು ಪ್ರಯತ್ನಿಸಿದರೂ ನನಗೆ ಇಫ್ ಇಡಲು ಆಗುತ್ತಿಲ್ಲ. ಅಂಕ ಕಳೆದರೂ ಸರಿ, ಹೀಗೇ ಕಳಿಸುತ್ತಿದ್ದೇನೆ.

ಅಮ್ಮ ಬಾಗಿಲು ತೆಗೆದಳು. ನನಗೆ ಕೇಳಿಸಿತು.

ನಿಮ್ಮ ತಂಗಿ,
ಟ್ರಂಕಮ್ಮನ ಮಗಳು